ಮೂರು ನಿಮಿಷ

ಮಾಜಾಳಿಯ ಗುಡ್ಡದಾಚೆ ರಸ್ತೆಯೇ ಇಲ್ಲ,
ದೋಣಿಯಲ್ಲಿ ಕರೆದೊಯ್ದರು,
ನನ್ನ ಹಳೇ ಪೆಟ್ಟಿಗೆಗೂ ಮಳೆಗಾಲದ ಮಗುವಿನಂತೆ
ಪ್ಲಾಸ್ಟಿಕ್ಕು ಹೊದಿಸಿ.
ಆರೇ ಕುಟೀರ. ಎಳ್ಳು ಚೆಲ್ಲಿದಂಥ ಕಪ್ಪು ಮರಳು.
ಉದ್ದ ಲೋಟದ ಅಂಚಿಗೆ ಪುದೀನ ಸಿಕ್ಕಿಸಿ
ಏನೋ ಇಂಗ್ಲಿಷ್ ಹೆಸರು ಹೇಳಿ ಕೊಟ್ಟರು.
ಕುಡಿದರೆ, ನಮ್ಮ ಮುರುಗಲು ಪಾನಕ.

ಒಂದು ರಾತ್ರಿಯ ಬಾಡಿಗೆ
ಎಂಬತ್ತೆರಡರಲ್ಲಿ ನನ್ನ ಮೂರು ವರ್ಷದ ಸಂಬಳ.
ಲೆಕ್ಕ ಹಾಕಬಾರದು ಎಂದುಕೊಂಡೇ ಬಂದವಳು
ಹಾಕಿದೆ.

ಹನ್ನೊಂದು ವರ್ಷ ಕೋರ್ಟಿನಲ್ಲಿ ಮಲಗಿದ್ದ ಬಾಕಿ ಹಣ
ಈ ದೀಪಾವಳಿಗೆ ಎದ್ದು ಬಂತು.
ಹಲ್ಲು ಕಟ್ಟಿಸಿಕೊಳ್ಳೇ ಅಂದಳು ತಂಗಿ ಶರಾವತಿ.
ತಿಮಿಂಗಿಲ ನೋಡುತ್ತೇನೆ ಅಂದೆ.
ಫೋನಿನಲ್ಲಿ ಅವಳು ಸುಮ್ಮನಾದ ರೀತಿಗೇ ತಿಳಿಯಿತು,
ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಾಳೆ.

ತಿಳಿಯುತ್ತದೆ ನನಗೆ.
ಮೂವತ್ತೊಂದು ವರ್ಷ ಶಿರಸಿಯ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನ್ ಕಚ್ಚಿಸಿಕೊಂಡು ಕೂತವಳು.
ಹುಬ್ಬಳ್ಳಿ ಬಂತು ಮಾತಾಡಿ, ಮುಂಬಯಿ ಬಂತು ಮಾತಾಡಿ,
ಮಾತಿಗಿಂತ ಮೊದಲು ಬರುವುದು ಉಸಿರು.
ಸಾವಿನ ಸುದ್ದಿ ಹೇಳುವವರು ಒಳಗೆ ಎಳೆದುಕೊಂಡು
ಹೊರಗೆ ಬಿಡುವುದನ್ನೇ ಮರೆಯುತ್ತಿದ್ದರು.
ಒಬ್ಬಾಕೆ ಇದ್ದಳು, ಪ್ರತಿ ಶನಿವಾರ
ಮರ್ಮಗೋವೆ ಬಂದರಿಗೆ ಕಾಲ್ ಬುಕ್ ಮಾಡಿ
ಒಂದು ಶಬ್ದ ಆಡುತ್ತಿರಲಿಲ್ಲ.
ಆ ಕಡೆಯವನೂ ಅಷ್ಟೇ.
ಇಬ್ಬರ ಉಸಿರಿನ ನಡುವೆ ನಾನು,
ದುಡ್ಡು ಕೊಟ್ಟು ಕೊಂಡ ಮೌನಕ್ಕೆ ಕಾವಲು.

ಕೋಣೆಯಲ್ಲಿ ಚಂದಕ್ಕೆಂದು ಒಂದು ಕರಿ ಫೋನು,
ಬೆರಳಿಟ್ಟು ತಿರುಗಿಸುವಂಥದು.
ಎತ್ತಿ ಕಿವಿಗಿಟ್ಟೆ. ತಂತಿಯೇ ಇಲ್ಲ.
ಹಾಸಿಗೆಯ ಮೇಲೆ ಟವೆಲ್ ಮಡಚಿ ತಿಮಿಂಗಿಲ ಮಾಡಿದ್ದರು,
ಕಣ್ಣಿಗೆ ಎರಡು ಕಾಳುಮೆಣಸು.
ಬಿಚ್ಚಲು ಮನಸ್ಸು ಬರದೆ
ಎರಡು ದಿನ ಸೆರಗಿನಲ್ಲೇ ಮುಖ ಒರೆಸಿದೆ.

ಮೊದಲ ಬೆಳಗು ಬರೀ ಡಾಲ್ಫಿನ್,
ಕೂರ್ಮಗಡದ ಹತ್ತಿರ, ಶಾಲೆ ಬಿಟ್ಟ ಹುಡುಗರ ಹಾಗೆ.
ಎರಡನೆಯ ಬೆಳಗು ಪುಣೆಯ ದಂಪತಿ ವಾಂತಿ ಮಾಡಿಕೊಂಡರು,
ಅರ್ಧಕ್ಕೇ ತಿರುಗಿದೆವು.
‘ನಮ್ಮಜ್ಜ ಇದ್ದಾಗ ದೇವಮಾಸೊ ಕಂಡರೆ
ಬಲೆ ಎಳ್ಕೊಂಡು ಕೈಮುಗಿದು ಓಡಿ ಬರ್ತಿದ್ರು’
ಅಂದ ದೋಣಿಯ ಬೊಮ್ಮಯ್ಯ ಹರಿಕಂತ್ರ,
‘ಈಗ ಕಂಡರೆ ನಂಗೆ ಐನೂರು ಇನಾಮು.’
ಕಾಣದಿದ್ದರೆ?
‘ಕಾಣದಿದ್ರೆ ಬರೀ ಬೈಗುಳ ಅಮ್ಮ, ಅದು ಪುಕ್ಕಟೆ.’

ಮೂರನೆಯ ಬೆಳಗು ಮಂಜು.
ದೀಪಸ್ತಂಭ ಇಲ್ಲ, ದಂಡೆ ಇಲ್ಲ,
ನನ್ನ ಮೊಣಕಾಲೇ ನನಗೆ ಮಸುಕು.
ಇಂಜಿನ್ ಆರಿಸಿ ಬೊಮ್ಮಯ್ಯ ಬೀಡಿ ತೆಗೆದವನು
ಹಚ್ಚಲಿಲ್ಲ.

ಆಗ.

ಯಾರೋ ಬಹಳ ದೊಡ್ಡವರು, ಬಹಳ ದಣಿದವರು
ಹೊತ್ತ ಮೂಟೆ ಇಳಿಸಿ ಬಿಟ್ಟಂಥ ಉಸಿರು.
ಆಮೇಲೆ ವಾಸನೆ, ಹಳಸಿದ ಬಂಗುಡೆಯದು.
ಆಮೇಲೆ ನನ್ನ ಕನ್ನಡಕದ ಮೇಲೆ ತೆಳ್ಳನೆ ತೇವ.
ಪುಣೆಯವರು ಮೊಬೈಲು ಎತ್ತಿ ಹಿಡಿದರು, ಸುತ್ತ ಬಿಳಿ,
‘ಕಹಾಂ, ಕಹಾಂ?’
ನಾನು ಕಣ್ಣು ಮುಚ್ಚಿದೆ.
ಕೆಲಸಕ್ಕೆ ಕೂತಾಗ ಹಾಗೇ ಮುಚ್ಚುತ್ತಿದ್ದೆ.

ಇನ್ನೊಂದು, ಎಡಕ್ಕೆ ಸರಿದು.
ಇನ್ನೊಂದು, ದೂರ.
ಸಾವಿನದಲ್ಲ, ಸಾಲದ್ದಲ್ಲ, ಶನಿವಾರದ್ದೂ ಅಲ್ಲ,
ನನ್ನ ಹತ್ತಿರ ಇದಕ್ಕೆ ಹೆಸರಿನ ಚೀಟಿ ಇರಲಿಲ್ಲ.

ನೀರು ಮುಚ್ಚಿಕೊಂಡಿತು.
ಎಷ್ಟು ಹೊತ್ತೋ ಯಾರೂ ಅಲುಗಲಿಲ್ಲ.
ನಾಲಿಗೆಗೆ ಅದೆಲ್ಲಿಂದ ಬಂತೋ, ಆ ಹಳೇ ಸರಕಾರಿ ದನಿಯಲ್ಲಿ
ಸಮುದ್ರಕ್ಕೆ ಕೇಳಿಯೇಬಿಟ್ಟೆ:
‘ಮೂರು ನಿಮಿಷ ಆಯಿತು. ಮುಂದುವರಿಸಲಾ?’

ಬೊಮ್ಮಯ್ಯ ತಿರುಗಿ ನೋಡಿದ.
ಇಂಜಿನ್ನಿನ ಹಗ್ಗಕ್ಕೆ ಹೋಗಿದ್ದ ಕೈ
ಹಿಂದಕ್ಕೆ ತೆಗೆದ.