ಕತ್ತಲಲ್ಲಿ ಸೇರಿಸುವುದು

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಿಂದ
ಒಂದು ಚೀಲ ಕಾಫಿ ಹೊಟ್ಟು ಹೊತ್ತು ತಂದೆ, ಶನಿವಾರ.
ಹಾಸಿದೆ, ನಾಲ್ಕು ಬೆರಳು ದಪ್ಪ.
ಅದರ ಮೇಲೆ ಏಳು ಮರಿ,
ಇಲಾಖೆಯ ಜೀಪಿನವರು ರಟ್ಟಿನ ಡಬ್ಬಿಯಲ್ಲಿ ಎಣಿಸಿ ಕೊಟ್ಟವು,
ಆರು ವಾರದವು, ಕತ್ತಿನಲ್ಲಿ ಇನ್ನೂ ಅರೆಬರೆ ಪುಕ್ಕ,
ಬಟ್ಟೆ ಹಾಕಿಕೊಳ್ಳುವಾಗ ಯಾರೋ ಬಾಗಿಲು ತೆಗೆದ ಹಾಗೆ.

ನಡುವೆ ಮೀನುಬಲೆ. ಆಚೆ
ನನ್ನ ಹಳೆಯ ಐದು ಹೇಂಟೆ, ಒಂದು ಹುಂಜ.
ಹೇಂಟೆಗಳಲ್ಲಿ ದೊಡ್ಡವಳ ಹೆಸರು ಚೆನ್ನಾಜಮ್ಮ.
ಇಟ್ಟದ್ದು ನಾನೇ. ನಿಜವಾದ ಚೆನ್ನಾಜಮ್ಮನಿಗೆ ಗೊತ್ತಿಲ್ಲ:
ಬೀಜ ಆರಿಸುವ ಮೇಜಿನ ತುದಿಯಲ್ಲಿ ಕೂರುವಾಕೆ,
ಕರಿ ಬೀಜ, ಒಡಕು ಬೀಜ, ಹುಳುಕು ಬೀಜ
ಕಣ್ಣು ಮುಚ್ಚಿಯೂ ಬೇರೆ ಮಾಡುವಾಕೆ,
ನಾನು ಸೇರಿದ ಹೊಸತರಲ್ಲಿ
ಬುತ್ತಿ ಬಿಚ್ಚಲು ಜಾಗ ಕೊಡದಾಕೆ.

ಹನ್ನೊಂದು ದಿನ ಗೋಣಿ ರಾಶಿಯ ಹಿಂದೆ ನಿಂತು ಉಂಡೆ.

ಬಲೆಯಾಚೆಯಿಂದ ನೋಡುತ್ತಾಳೆ,
ಮೊದಲು ಒಂದು ಕಣ್ಣಲ್ಲಿ,
ಆಮೇಲೆ ತಲೆ ತಿರುಗಿಸಿ ಇನ್ನೊಂದರಲ್ಲಿ.
ಎರಡೂ ಕಣ್ಣಿಗೆ ಒಂದೇ ಉತ್ತರ ಬಂದ ಮೇಲೆ
ಬಲೆಗೆ ಒಂದು ಕುಕ್ಕು.

"ಎರಡು ವಾರ ನೋಡಿಕೊಳ್ಳಲಿ ಬಿಡು" ಅಂದಳು
ಬೇಲಿಯಾಚೆ ಮೀನು ಕೊಯ್ಯುತ್ತ ನಬೀಸತ್ತ.
"ದನಿ ಹಳತಾಗಬೇಕು, ಆಮೇಲೆ ಮುಖ."
ನನಗೆ ತಾಳ್ಮೆ ಸಾಲದು. ಒಂಬತ್ತನೇ ದಿನ
ಮಧ್ಯಾಹ್ನ ಬಲೆ ಎತ್ತಿದೆ.
ಎಷ್ಟು ಹೊತ್ತು? ಒಂದು ಲೋಟ ಕಾಫಿ ಆರುವಷ್ಟೂ ಇಲ್ಲ.
ಬೂದುಮರಿಯ ನೆತ್ತಿಯಲ್ಲಿ ರಕ್ತ ಕಂಡದ್ದೇ
ಉಳಿದವರೆಲ್ಲ ಅದನ್ನೇ ಹುಡುಕಿಕೊಂಡು ಬಂದರು,
ಹುಂಜವೂ.

ಸೆರಗಲ್ಲಿ ಸುತ್ತಿ ಒಳಗೆ ತಂದೆ. ಅರಿಸಿನ, ಕೊಬ್ಬರಿ ಎಣ್ಣೆ.
ಅಂಗೈಯಲ್ಲಿ ಅದರ ಎದೆ,
ನೂಲಿಲ್ಲದೆ ಓಡುವ ಹೊಲಿಗೆ ಮಿಷನ್ನು.

ಮತ್ತೆ ಬಲೆ. ಮತ್ತೆ ದಿನಗಳು.
ಈ ಸಲ ಎರಡು ಮೂಲೆಗೆ ಎರಡು ತಟ್ಟೆ,
ನೀರಿಗೂ ಎರಡು ಬೋಗುಣಿ.
ಮುರಿದ ಏಣಿಯೊಂದನ್ನು ಅಡ್ಡ ಒರಗಿಸಿದೆ:
ಅದರಡಿ ಮರಿ ನುಸುಳಬಹುದು, ಚೆನ್ನಾಜಮ್ಮ ನುಸುಳಲಾರಳು.

ಬುಧವಾರ ರಾತ್ರಿ ಕರೆಂಟು ಹೋಯಿತು.
ಹಾರಂಗಿಯ ಕಡೆಯಿಂದ ಗಾಳಿ. ಗೂಡೊಳಗೆ
ಹಳಬರು ಬಿದಿರ ಗಳುವಿನ ಮೇಲೆ ಕುತ್ತಿಗೆ ಒಳಗೆಳೆದು
ಮುದ್ದೆ ಮುದ್ದೆಯಾಗಿ ಕೂತಿದ್ದರು.
ಚಪ್ಪಲಿ ಬಿಟ್ಟು, ಟಾರ್ಚಿಗೆ ಬೆರಳು ಮುಚ್ಚಿ,
ಒಂದೊಂದೇ ಮರಿಯನ್ನೆತ್ತಿ ಅವರ ನಡುವೆ ಇಟ್ಟೆ,
ಬೂದುಮರಿಯನ್ನು ಕೊನೆಗೆ.
ಜಾಗ ಉಳಿದದ್ದು ಒಂದೇ ಕಡೆ, ಚೆನ್ನಾಜಮ್ಮನ ಎಡಕ್ಕೆ.
ಕೋಳಿಗೆ ಇರುಳುಗುರುಡು.
ಯಾರೆಂದು ಕೇಳದೆ, ನಿದ್ದೆಯಲ್ಲೇ "ಕುರ್" ಅಂದು
ಸರಿದಳು. ಒಂದು ಅಂಗುಲ.

ಹನ್ನೆರಡನೇ ದಿನ ನನಗೂ ಹೀಗೇ ಆಗಿತ್ತು.
ಆಕೆ ಮಾತಾಡಲಿಲ್ಲ, ಮುಖ ಎತ್ತಲಿಲ್ಲ,
ತನ್ನ ಟಿಫಿನ್ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಷ್ಟೇ.
ಆ ಜಾಗದಲ್ಲಿ ಏಳು ವರ್ಷದಿಂದ ಕೂರುತ್ತಿದ್ದೇನೆ.

ಬೆಳಗ್ಗೆ ಕುಕ್ಕಾಟ ಇತ್ತು, ಇಲ್ಲವೆನ್ನಲಾರೆ.
ರಕ್ತ ಇರಲಿಲ್ಲ. ಬೂದುಮರಿ ಓಡಿತು,
ಏಣಿಯಡಿ ನಿಂತಿತು, ಬಗ್ಗಿ ನೋಡಿತು,
ಎಲ್ಲರೂ ತಿಂದ ಮೇಲೆ ತಿಂದಿತು.

ನಾಳೆ ಮೇಜಿಗೆ ಹೊಸಬಳೊಬ್ಬಳು ಬರುತ್ತಾಳಂತೆ,
ಹೆಬ್ಬಾಲೆ ಕಡೆಯವಳು.
ನನ್ನ ಬಲಕ್ಕೆ ಒಂದು ಮೊಳ ಜಾಗ ಇದೆ.
ಅಲ್ಲಿ ನಾನು ಕೊಡೆ ಇಟ್ಟುಕೊಳ್ಳುತ್ತೇನೆ,
ಮೊದಲಿನಿಂದಲೂ.