ಕೋಸಿನೆಲೆ

ಝಾಬ್ಝೆಯ ರಕ್ತಕೇಂದ್ರದಲ್ಲಿ
ಕೊಟ್ಟವರಿಗೆ ಎಂಟು ಚಾಕೊಲೇಟು, ಕೆಲಸಕ್ಕೆ ರಜೆ.
ಅವಧಿ ಮೀರಿದ ಚೀಲಗಳು
ಮಂಗಳವಾರ ನಮ್ಮ ಲ್ಯಾಬಿಗೆ ಬರುತ್ತವೆ,
ಹೆಸರಿಲ್ಲದೆ, ಗುಂಪಿನ ಅಕ್ಷರ ಮಾತ್ರ ಹೊತ್ತು.

ನನ್ನ ಕೆಲಸ ಇಷ್ಟೆ:
ಟೈಟೇನಿಯಂ ಬಿಲ್ಲೆಯನ್ನು ಆಮ್ಲದಲ್ಲಿ ಮೀಯಿಸಿ
ಕರೆಂಟು ಹಾಯಿಸುತ್ತೇನೆ. ಮೈತುಂಬ ತೂತು,
ಜೇನುಹಟ್ಟಿಯೊಂದು ಕುಗ್ಗಿ ಕುಗ್ಗಿ
ಕಣ್ಣಿಗೆ ಬರೀ ಬಣ್ಣವಾಗಿ ಉಳಿದ ಹಾಗೆ.
ಮೇಲೆ ಫ್ಲೋರಿನ್ನಿನ ತೆಳ್ಳನೆ ಲೇಪ.
ಆಮೇಲೆ, ಉಸಿರು ಹಿಡಿದು,
ಒಂದು ಹನಿ.

ಹನಿ ಕೂರುವುದಿಲ್ಲ.
ಮುನಿಸಿಕೊಂಡ ಮಗುವಿನ ಕೆನ್ನೆಯಂತೆ
ಗುಂಡಗೆ ಉಬ್ಬಿ ನಿಂತಲ್ಲೇ ನಡುಗುತ್ತದೆ.
ಬಿಲ್ಲೆ ತುಸು ವಾಲಿಸಿದರೆ ಸಾಕು,
ಉರುಳಿ ಅಂಚಿನಾಚೆ.
ಹಿಂದೆ ಒಂದು ಗೆರೆಯೂ ಇಲ್ಲ.

ಸಮ್ಮೇಳನಗಳಲ್ಲಿ ಎಲ್ಲರೂ
ತಾವರೆ ಎಲೆಯ ಚಿತ್ರ ತೋರಿಸುತ್ತಾರೆ.
ನಾನು ತಾವರೆ ಕಂಡವಳಲ್ಲ.
ನಾನು ಕಂಡದ್ದು ರೈಲು ಹಳಿಯ ಪಕ್ಕ
ಗಣಿಯವರಿಗೆ ಹಂಚಿದ ತುಂಡು ತೋಟ,
ಅಲ್ಲಿ ಅಪ್ಪನ ಪಾತಿಯ ಕೋಸು.
ಬೂದು ಎಲೆಯ ಮೇಲೆ ಇಬ್ಬನಿ
ಕಲ್ಲಿದ್ದಲ ಧೂಳನ್ನೆಲ್ಲ ಬಾಚಿಕೊಂಡು
ಕಪ್ಪು ಉಂಡೆಯಾಗಿ ಮಣ್ಣಿಗೆ ಜಾರುತ್ತಿತ್ತು.
ಎಲೆಗೆ ಏನೂ ಆಗಿರಲೇ ಇಲ್ಲ.

ಅಪ್ಪ ಎಲೆಯಲ್ಲ.
ಅವನ ಹಣೆಯ ಮೇಲೊಂದು ನೀಲಿ ಗೀರು:
ಸುರಂಗದ ಚಾವಣಿ ಉದುರಿದ ದಿನ
ಧೂಳನ್ನು ಒಳಗಿಟ್ಟುಕೊಂಡೇ ಗಾಯ
ಹೆಪ್ಪುಗಟ್ಟಿತಂತೆ.
ರಕ್ತಕ್ಕೆ ಗುಡಿಸುವ ಪುರುಸೊತ್ತಿರಲಿಲ್ಲ,
ಬಾಗಿಲು ಹಾಕಬೇಕಿತ್ತು.

ಈಗ ಅವನ ಎದೆಯೊಳಗೆ ಲೋಹದ ಕವಾಟ.
ಟಿಕ್. ಟಿಕ್.
ಮೊದಲ ರಾತ್ರಿ ಅಮ್ಮ ಎದ್ದು
ಗಡಿಯಾರವನ್ನು ಅಡುಗೆಮನೆಗೆ ಒಯ್ದಿಟ್ಟಳು.
ಸದ್ದು ನಿಲ್ಲಲಿಲ್ಲ.
ದಿನಕ್ಕೊಂದು ಗುಳಿಗೆ, ಇಲಿಪಾಷಾಣದ ವಂಶದ್ದು.
ತಾನೇ ಬೆಳೆದ ಕೋಸನ್ನು
ಗಣಿಯಿಂದ ಹೊರಗೆ ಬಂದವನು
ತಕ್ಕಡಿಯಲ್ಲಿ ತೂಗಿ ತಿನ್ನುತ್ತಾನೆ.
ಒಂದೆಲೆ ಹೆಚ್ಚಾದರೆ ಕವಾಟಕ್ಕೆ ಹೆಪ್ಪು,
ಗುಳಿಗೆ ಹೆಚ್ಚಾದರೆ ಒಸಡಿನಲ್ಲಿ ನೆತ್ತರು.

ಅಮ್ಮ ಕಿಟಕಿಯಂಚಿಗೆ ಹಾಲಿಟ್ಟು ಕಾಯುತ್ತಾಳೆ,
ಹೆಪ್ಪು ಕೂತಿತೇ ಎಂದು
ಬಟ್ಟಲನ್ನು ಮೆಲ್ಲಗೆ ಓರೆ ಮಾಡಿ ನೋಡುತ್ತಾಳೆ.
ನಾನೂ ಅದೇ ಕೋನದಲ್ಲಿ ಓರೆ ಮಾಡುತ್ತೇನೆ,
ಕೂರದಿರಲಿ ಎಂದು.

ನಲವತ್ತೊಂದನೆಯ ಬಿಲ್ಲೆ ಮೂರು ದಿನ ತಡೆಯಿತು.
ಹರಿವ ರಕ್ತದಲ್ಲಿ
ತೂತುಗಳ ಗಾಳಿ ಕರಗಿಹೋಗಿ
ನಾಲ್ಕನೆಯ ಬೆಳಿಗ್ಗೆ ಸೂಕ್ಷ್ಮದರ್ಶಕದಡಿ
ಅವು ಬಂದು ಕೂತಿದ್ದವು, ಕೈಚಾಚಿ,
ಒಂದರ ತೋಳು ಇನ್ನೊಂದು ಹಿಡಿದು.
ಲೆಶೆಕ್ ಬೈದ. ನನಗೆ ಬೈಯಲಾಗಲಿಲ್ಲ.
ಅವು ಕೆಟ್ಟದ್ದೇನೂ ಮಾಡಿರಲಿಲ್ಲ.
ಎದುರು ಬಂದದ್ದನ್ನು ರಕ್ತ ಒಂದೇ ಕೇಳುತ್ತದೆ:
ನೀನು ನಮ್ಮವನೋ?
ಉತ್ತರ ಬಾರದ ಕಡೆ ಗಾಯವಿದೆಯೆಂದು ತಿಳಿದು
ಮೈಯೊಡ್ಡಿ ಮುಚ್ಚುತ್ತದೆ.
ಅದಕ್ಕೆ ಅಂಟೇ ನಂಟು.
ನಾನು ಲೋಹಕ್ಕೆ ಸುಳ್ಳು ಕಲಿಸುತ್ತಿಲ್ಲ,
ಆ ಪ್ರಶ್ನೆಯೇ ಏಳದ ಹಾಗೆ
ಪಕ್ಕದಲ್ಲಿ ಸುಮ್ಮನಿರುವುದನ್ನು ಕಲಿಸುತ್ತಿದ್ದೇನೆ.
ಬರುವುದಿಲ್ಲ ಅದಕ್ಕೆ, ಇನ್ನೂ.

ಭಾನುವಾರ ಊಟದ ಹೊತ್ತಿಗೆ ಅಪ್ಪ ಕೇಳಿದ:
ನಿನ್ನ ಬಿಲ್ಲೆ ನನ್ನೊಳಗೆ ಯಾವಾಗ?
ನಿನಗಲ್ಲ ಅಪ್ಪ, ಎಂದೆ.
ಹದಿನೈದು ವರ್ಷವಾದರೂ ಬೇಕು, ಕುರಿಗಳಾಗಬೇಕು ಮೊದಲು.
ಟಿಕ್ ಟಿಕ್ ಎಂದಿತು ಅವನ ಅಂಗಿ.

ಏನೂ ಹೇಳದೆ ಬುಟ್ಟಿಯ ಕೋಸಿನಿಂದ
ಹೊರಗಿನ ಒರಟು ಎಲೆಯೊಂದನ್ನು ಕಿತ್ತು
ಬೀಟ್ರೂಟ್ ಸಾರಿನ ಒಂದು ಹನಿ
ಚಮಚದ ತುದಿಯಿಂದ ಅದರ ಮೇಲೆ ಬಿಟ್ಟ.
ಕೆಂಪಗೆ ಗುಂಡಗೆ ನಿಂತಿತು.
ಹೀಗೆ ತಾನೆ? ಎಂದ.
ಹೀಗೇ.
ವಾಲಿಸಿದ. ಉರುಳಿತು.
ಎಲೆ ಒಣಗಿತ್ತು, ಇಬ್ಬರೂ ನಕ್ಕೆವು.

ಹನಿ ಬಿದ್ದದ್ದು ಅಮ್ಮನ ಬಿಳಿ ಮೇಜುಬಟ್ಟೆಗೆ.
ಉಪ್ಪು ಹಾಕಿ ಉಜ್ಜಿದಳು, ಬಿಸಿನೀರು, ಮತ್ತೆ ಉಪ್ಪು,
ಎರಡು ತಲೆಮಾರಿಗೂ ಸೇರಿಸಿ ಬೈದಳು.
ಬಟ್ಟೆ ಆ ಕೆಂಪನ್ನು ಬಿಟ್ಟುಕೊಡಲಿಲ್ಲ.