ಎಡಗಲ್ಲ

ಬಂಗಾರದ ವರಖು ಎತ್ತಾಕ ಬೆರಳು ನಡೆಯಂಗಿಲ್ಲ.
ಬೆರಳು ತಾಗಿದ್ರ ಬೆರಳಿಗೇ ಹತ್ತಿ, ಮುದುಡಿ, ಸಾಯ್ತದ.
ಅಳಿಲಿನ ಬಾಲದ ಕುಂಚ ಬೇಕು.
ಅದನ್ನ ಗಲ್ಲದ ಮ್ಯಾಲ ಒಮ್ಮೆ ಎಳದು
ಮೈಯಾನ ಜಿಡ್ಡು ಒಂಚೂರು ಕುಡಿಸಿ
ಹಾಳಿ ಮ್ಯಾಲ ಹಿಡದ್ರ
ವರಖು ತಾನಾಗೇ ಎದ್ದು ಬರ್ತದ, ಕರದ ಕೂಸಿನಂಗ.
ಕೋಣ್ಯಾಗಿದ್ದವ್ರೆಲ್ಲ ಉಸಿರು ಹಿಡೀಬೇಕು.

ಇಷ್ಟು ಮೊದಲು ಹೇಳಬೇಕಾಗಿತ್ತು ನಾ, ಚಾವಡ್ಯಾಗ.
ಹೇಳಲಿಲ್ಲ. ಹನ್ನೊಂದು ವರ್ಷ ನನಗ.

ಸುರಪುರದ ಚಿತ್ರಗಾರ ವೆಂಕೋಬ ಅಂದ್ರ
ಗದ್ವಾಲದಿಂದ, ಹೈದರಾಬಾದಿಂದ ಕುದರಿ ಬರ್ತಿದ್ವು.
ಸವಾರರು ಗುಡ್ಡದ ಕೆಳಗೇ ಇಳದು
ನಡಕೋತ ಏರಬೇಕು,
ಧೂಳೆದ್ರ ಹಸಿ ಬಣ್ಣ ಕೆಡ್ತದ ಅಂತ ಅವನ ಅಪ್ಪಣಿ.
ನಾ ಅವನ ಸುಣ್ಣ ಅರಿಯೋ ಹುಡುಗ.

ರಂಗಂಪೇಟ್ಯಾಗ ವರಖಿನ ಮನಿ.
ಗಂಡ ಸತ್ತ ಮ್ಯಾಲ ಸುತ್ತಿಗಿ ಹಿಡದಾಕಿ ಮದಾರಬಿ,
ಜಿಂಕಿ ತೊಗಲಿನ ಹೊತ್ತಿಗಿ ನಡು ಬಂಗಾರ ಇಟ್ಟು
ಮುಂಜಾನಿಂದ ಸಂಜೀತನ ಟಕ್ ಟಕ್.
ಆ ಮನ್ಯಾಗ ಬಂಗಾರ ಎಲ್ಲಾದರ ಮ್ಯಾಲೂ ಇತ್ತು,
ಮಕ್ಕಳ ಕಿವಿ ಹಿಂದ, ರೊಟ್ಟಿ ಮ್ಯಾಲ, ಆಡಿನ ಗಡ್ಡದಾಗ.
ಇದನ್ನೂ ಹೇಳಲಿಲ್ಲ.

ಅರಮನಿ ದೇವರಕೋಣಿಗೆ ವೇಣುಗೋಪಾಲನ ಹಲಗಿ.
ಅಕಿ ಹೊತ್ತಿಗಿ ಬಿಚ್ಚಬೇಕು, ಆಂವ ಎತ್ತಬೇಕು.
ಅವನ ಗಲ್ಲಕ್ಕ ಗಡ್ಡ, ಬಿರುಸು. ಕುಂಚ ನಿಲ್ಲಲಿಲ್ಲ.
ಒಂದಿನ ಅಕಿ ತನ್ನ ಗಲ್ಲ ಮುಂದ ಮಾಡಿದ್ಳು,
ಏನೂ ಅನ್ನದ,
ಕಟ್ಟಿ ಮ್ಯಾಲ ಕುಂತವ್ರು ಸರದು ಜಾಗ ಕೊಟ್ಟಂಗ.

ಆಮ್ಯಾಲ ಇಪ್ಪತ್ತು ದಿನ ಅದೇ.
ಕುಂಚ ಗಲ್ಲಕ್ಕ, ಗಲ್ಲದಿಂದ ಬಂಗಾರಕ್ಕ, ಬಂಗಾರದಿಂದ ದೇವರಿಗೆ.
ಮೂವರೂ ಉಸಿರು ಹಿಡಕೊಂಡು.
ನಾ ಉಸಿರು ಬಿಟ್ಟ ಮ್ಯಾಲೂ
ಅವರು ಬಿಟ್ಟಿರತಿದ್ದಿಲ್ಲ.

"ಏನ್ ನೋಡ್ದಿ, ಖರೇ ಹೇಳೊ ತಮ್ಮಾ."
"ಕುಂಚ ಅಕಿ ಗಲ್ಲಕ್ಕ ಸವರ್ತಿದ್ರಿ."
"ಯಾವ ಗಲ್ಲ?"
"ಎಡಗಲ್ಲ."
ಇಡೀ ಚಾವಡಿ ಹೊಳ್ಳಿ ನೋಡ್ತು.
ಅಕಿ ತಾನೇ ಸೆರಗು ಹಿಂದ ಸರಸಿದ್ಳು.
ಸಾಸಿವಿಯಷ್ಟು ಬಂಗಾರ ಅಲ್ಲಿ.
ಒರಸಿಕೊಳ್ಳಲಿಲ್ಲ.

ಗೌಡ ಕೆಟ್ಟಾಂವಲ್ಲ. ದಾರಿ ಮಾಡಿಕೊಟ್ಟ:
"ವೆಂಕೋಬಾ, ಇದು ನಿಮ್ಮ ಕೆಲಸದ ರೀತಿ ಅಲ್ಲೇನು?"
ಹೌದು ಅಂದಿದ್ರ ಮುಗೀತಿತ್ತು.
ಎಲ್ಲಾರೂ ಎದ್ದು ಊಟಕ್ಕ ಹೋಗತಿದ್ರು.
ವೆಂಕೋಬ ಉಗುರಿನಾಗಿನ ಹಸರು ಬಣ್ಣ ನೋಡಕೋತ ಅಂದ:
"ಕೆಲಸಾನೂ ಹೌದ್ರಿ."

ಆ ಒಂದು 'ನೂ'.
ಅಷ್ಟಕ್ಕ ಕುಲದಿಂದ ಹೊರಗ, ಬೆಂಕಿ ನೀರು ಬಂದ್.
ಅಷ್ಟಕ್ಕ ಮದಾರಬಿಯ ಮೈದುನರು ಸುತ್ತಿಗಿ ಕಸಗೊಂಡ್ರು,
ಕುಷ್ಟಗಿಯಿಂದ ಬಂದ ಬೀಗರು ಸುದ್ದಿ ಕಟಗೊಂಡು ಹೋದ್ರು.
ಅಮಾಸಿ ರಾತ್ರಿ ಇಬ್ಬರೂ ಕೃಷ್ಣಿ ದಾಟಿದ್ರು ಅಂತಾರ.
ಇಲ್ಲ, ಬೋನಾಳ ಕೆರಿ ದಂಡಿಗೆ ಅಕಿ ಒಬ್ಬಾಕಿನೇ
ಹಕ್ಕಿ ನೋಡಕೋತ ಕುಂತಿದ್ಳು ಅಂತಾರ.
ಅರಮನಿಯವ್ರು ಹಲಗಿ ಮಾತ್ರ ಬಿಡಲಿಲ್ಲ.
ಇವತ್ತಿಗೂ ಅದರ ಮುಂದ ದೀಪ ಹಚ್ತಾರ,
ಮಡೀಲೆ.

ಚಾವಡಿ ಮುಗದ ರಾತ್ರಿ ಶೇಷವ್ವ, ಅವನ ಹೆಂಡತಿ,
ಹುಣಸಿಬೀಜದ ಅಂಟು ಕುದಸಕೋತ ಕುಂತಿದ್ಳು.
ಯಾರಿಗಂತ ಕುದಸಿದ್ಳೋ.
ನನ್ನ ಕರದು ರೊಟ್ಟಿ ಕೊಟ್ಳು, ಬಯ್ಯಲಿಲ್ಲ.
ಭಾಳೊತ್ತಿನ ಮ್ಯಾಲ ಕೇಳಿದ್ಳು:
"ಕುಂಚ ಎಳೆಯೂವಾಗ
ಅಕಿ ಕಣ್ಣು ಮುಚ್ಚತಿದ್ಳೇನೋ?"
ಇಲ್ಲವ್ವಾ, ಅಂದೆ.
ಈ ಕತ್ಯಾಗ ನಂದೊಂದೇ ಸುಳ್ಳು ಅದು.

ಈಗ ನನಗೂ ಗಡ್ಡ, ಅದೂ ಬೆಳ್ಳಗ.
ಬಂಗಾರ ಎತ್ತೂ ಹೊತ್ತಿಗೆ
ಸುಣ್ಣ ಅರಿಯೋ ಹುಡುಗರನ್ನ ಹೊರಗ ಕಳಸ್ತೀನಿ.
ಯಾಕಜ್ಜಾ, ಅಂತಾವ.
ನಿಮ್ಮ ಉಸಿರಿಗೆ ವರಖು ಹಾರ್ತದ್ರೋ, ಅಂತೀನಿ.